ಮನೆಯಂಗಳದ ಪಟಾಕಿಗೆ ಕಡಿವಾಣ ಬೇಕಾ? ಕಾನೂನು ಏನು ಹೇಳ್ತದೆ, ನಮ್ಮ ಜಿಲ್ಲೆಯಲ್ಲಿ ಏನು ಮಾಡಬಹುದು: ಇಲ್ಲಿದೆ ಪೂರ್ತಿ ವಿವರ

ಮಂಗಳೂರು: ಚೌತಿ ಬಂತು ಅಂದ್ರೆ ಶುರು. ಗಣಪತಿ ವಿಸರ್ಜನೆಗೆ ಒಂದು ಸುತ್ತು, ದೀಪಾವಳಿಗೆ ಮೂರು ದಿನ. ಆಮೇಲೆ ಮದುವೆ ದಿಬ್ಬಣ, ಕ್ರಿಕೆಟ್ ಗೆಲುವು, ಎಲೆಕ್ಷನ್ ರಿಸಲ್ಟ್, ಹೊಸ ವರ್ಷ. ಮಧ್ಯೆ ಜಾತ್ರೆಗಳ ಬೆಡಿ ಬೇರೆ. ಪ್ರತೀ ಸಲವೂ ಅದೇ ಚರ್ಚೆ. "ವರ್ಷಕ್ಕೊಮ್ಮೆ ಹೊಡೆದ್ರೆ ಎಂಥ ಆಗ್ತದೆ ಮಾರಾಯ್ರೆ" ಅಂತ ಒಬ್ಬರು, "ನಮ್ಮ ಮನೆಯಲ್ಲಿ ಹಸುಗೂಸು ಉಂಟು, ಅಜ್ಜನಿಗೆ ಹಾರ್ಟಿನ ತೊಂದರೆ ಉಂಟು, ಸ್ವಲ್ಪ ಆಚೆ ಹೋಗಿ ಹೊಡೀರಿ" ಅಂತ ಇನ್ನೊಬ್ಬರು. ಹಬ್ಬ ಮುಗಿದ ಮೇಲೆ ಚರ್ಚೆಯೂ ಮುಗಿಯುತ್ತದೆ.

ಖಾಸಗಿಯಾಗಿ ಪಟಾಕಿ ಹೊಡೆಯುವುದಕ್ಕೆ ನಿರ್ಬಂಧ ಬೇಕೇ ಎಂಬ ಪ್ರಶ್ನೆಯಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದುಂಟು. ನಿರ್ಬಂಧ ಈಗಾಗಲೇ ಇದೆ, ಅದೂ ಸಾಕಷ್ಟು ಬಿಗಿಯಾಗಿಯೇ ಇದೆ. ಜಾರಿಗೆ ಬರುತ್ತಿಲ್ಲ ಅಷ್ಟೇ. ಇರುವ ನಿಯಮ ಯಾವುದು, ಅದು ಯಾಕೆ ಸೋಲುತ್ತಿದೆ, ಊರಿಗೆ ಹೊಂದುವ ದಾರಿ ಯಾವುದು ಅಂತ ಒಂದೊಂದಾಗಿ ನೋಡೋಣ.

ಬೆಡಿ ಬೇರೆ, ಅಂಗಳದ ಪಟಾಕಿ ಬೇರೆ

ಕರಾವಳಿಯಲ್ಲಿ ಸುಡುಮದ್ದಿಗೆ ಎರಡು ಮುಖ. ಒಂದು ದೇವಸ್ಥಾನದ ಬೆಡಿ. ಏಪ್ರಿಲ್‌ನಲ್ಲಿ ನಡೆಯುವ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆ ಅಂದ್ರೆ "ಪುತ್ತೂರ ಬೆಡಿ" ಅಂತಲೇ ಜನರ ಬಾಯಲ್ಲಿ ಹೆಸರು. ಗಡಿಯಾಚೆ ಕುಂಬಳೆಯ ಬೆಡಿಯೂ ಹಾಗೆಯೇ. ಇಂಥ ಕಡೆ ಸುಡುವುದಕ್ಕೆ ಗೊತ್ತಾದ ಜನ ಇರುತ್ತಾರೆ, ಗದ್ದೆಯೋ ಮೈದಾನವೋ ಇರುತ್ತದೆ, ಜನ ದೂರ ನಿಂತು ನೋಡುತ್ತಾರೆ. ಪರವಾನಿಗೆ, ಪೊಲೀಸ್, ಅಗ್ನಿಶಾಮಕ ದಳ ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಅಂಗಡಿಯಿಂದ ಚೀಲ ತುಂಬಿಸಿ ತಂದು ಮನೆ ಮುಂದೆ, ರಸ್ತೆಯಲ್ಲಿ, ಫ್ಲ್ಯಾಟಿನ ಪಾರ್ಕಿಂಗ್‌ನಲ್ಲಿ ಹೊಡೆಯುವುದು. ಇಲ್ಲಿ ಹೊಡೆಯುವವರಿಗೆ ತರಬೇತಿ ಇಲ್ಲ, ಎಷ್ಟು ದೂರ ಬಿಡಬೇಕು ಎಂಬ ಅಂದಾಜಿಲ್ಲ, ಜವಾಬ್ದಾರಿ ಯಾರದ್ದು ಅಂತಲೂ ಇಲ್ಲ. ಈ ಬರಹದಲ್ಲಿ "ಖಾಸಗಿ ಬಳಕೆ" ಅಂದರೆ ಇದೇ.

ಈಗ ಇರುವ ಕಾನೂನು

* ರಾತ್ರಿ 10ರಿಂದ ಬೆಳಿಗ್ಗೆ 6: ಸದ್ದಿನ ಪಟಾಕಿ ಹೊಡೆಯುವಂತಿಲ್ಲ. 2005ರ ಜುಲೈ 18ರ ಸುಪ್ರೀಂ ಕೋರ್ಟ್ ತೀರ್ಪು ಇದನ್ನು ಹೇಳಿತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳಿಗೆ 2010ರಲ್ಲಿ ತಿದ್ದುಪಡಿ ತಂದು ಸೇರಿಸಲಾಗಿದೆ.
* ನಿಶ್ಶಬ್ದ ವಲಯ: ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್. ಇಲ್ಲಿ ಹಗಲಲ್ಲೂ ಸದ್ದಿನ ಪಟಾಕಿ ಸಲ್ಲದು.
* ಶಬ್ದದ ಮಿತಿ: ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ದಾಟುವ ಪಟಾಕಿಯ ತಯಾರಿ, ಮಾರಾಟ, ಬಳಕೆ ಮೂರೂ ನಿಷಿದ್ಧ. 1999ರಿಂದ ಇರುವ ನಿಯಮ ಇದು.
* ದೀಪಾವಳಿಗೆ ಎರಡೇ ಗಂಟೆ: 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರಾತ್ರಿ 8ರಿಂದ 10ರ ಅವಧಿ ಕೊಟ್ಟಿತು. ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ರಾತ್ರಿ 11.55ರಿಂದ 12.30.
* ಮಾಲೆ ಪಟಾಕಿ ಇಲ್ಲ: ಅದೇ ತೀರ್ಪು ಸರಣಿಯಾಗಿ ಸಿಡಿಯುವ ಮಾಲೆ ಪಟಾಕಿ, ಬೇರಿಯಂ ಲವಣ ಬಳಸಿದ ಪಟಾಕಿ ಮತ್ತು ಆನ್‌ಲೈನ್ ಮಾರಾಟವನ್ನು ನಿಷೇಧಿಸಿತು.
* ಹೊಣೆ ಯಾರದ್ದು: ಆದೇಶ ಪಾಲನೆ ಆಗದಿದ್ದರೆ ಆಯಾ ಠಾಣೆಯ ಅಧಿಕಾರಿಯೇ ವೈಯಕ್ತಿಕವಾಗಿ ಹೊಣೆ ಅಂತಲೂ ಕೋರ್ಟ್ ಹೇಳಿದೆ.
* ನಿರ್ಲಕ್ಷ್ಯಕ್ಕೆ ಶಿಕ್ಷೆ: ಸ್ಫೋಟಕ ವಸ್ತುವನ್ನು ಬೇರೆಯವರ ಜೀವಕ್ಕೆ ಅಪಾಯ ಆಗುವಂತೆ ಬಳಸಿದರೆ ಭಾರತೀಯ ನ್ಯಾಯ ಸಂಹಿತೆಯ 288ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ.

ನಮ್ಮ ಕಡೆಯ ಹಬ್ಬಕ್ಕೆ ಇದರಲ್ಲಿ ಒಂದು ತೊಡಕುಂಟು. ನರಕ ಚತುರ್ದಶಿಯ ಎಣ್ಣೆ ಸ್ನಾನ ಬೆಳಗಿನ ಜಾವ. ಸ್ನಾನ ಮುಗಿಸಿ ಮಕ್ಕಳು ಕತ್ತಲಲ್ಲೇ ಪಟಾಕಿ ಹೊಡೆಯುವುದು ಹಳೇ ರೂಢಿ. ಆದರೆ 6ರ ಮೊದಲು ಸದ್ದಿನ ಪಟಾಕಿ ನಿಯಮಕ್ಕೆ ವಿರುದ್ಧ. ತಮಿಳುನಾಡಿಗೂ ಇದೇ ತಕರಾರು ಬಂದಿತ್ತು. ಆಗ, 2018ರ ಅಕ್ಟೋಬರ್ 30ರಂದು, ಒಟ್ಟು ಎರಡು ಗಂಟೆ ಮೀರದಂತೆ ಸಮಯ ಬದಲಿಸಿಕೊಳ್ಳಬಹುದು ಅಂತ ಕೋರ್ಟ್ ಸಡಿಲಿಕೆ ಕೊಟ್ಟಿತು. ಅಂದರೆ ಸ್ಥಳೀಯ ರೂಢಿಗೆ ಹೊಂದಿಸಿಕೊಳ್ಳಲು ಸ್ವಲ್ಪ ಜಾಗ ಉಂಟು.

ಹಸಿರು ಪಟಾಕಿ ಅಂದ್ರೆ ಎಂಥದು?

ಹಸಿರು ಬೆಳಕು ಬರುವ ಪಟಾಕಿ ಅಂತ ತಿಳಿದವರೂ ಇದ್ದಾರೆ! ವಿಷಯ ಬೇರೆ. ಹಳೇ ಪಟಾಕಿಗಳಲ್ಲಿ ಹಸಿರು ಬಣ್ಣ ಕೊಡುತ್ತಿದ್ದದ್ದೇ ಬೇರಿಯಂ, ಅದೇ ಈಗ ನಿಷಿದ್ಧ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ನೀರಿ ರೂಪಿಸಿದ, ಹೊಗೆಯ ಕಣಗಳನ್ನು ಸುಮಾರು ಶೇ. 30ರಷ್ಟು ಕಡಿಮೆ ಮಾಡುವ ಪಟಾಕಿಗೆ "ಹಸಿರು" ಎಂಬ ಹೆಸರು. ಬಾಕ್ಸಿನ ಮೇಲೆ ಸಂಸ್ಥೆಯ ಲೋಗೋ ಮತ್ತು ಕ್ಯೂಆರ್ ಕೋಡ್ ಇರಬೇಕು.

ಶೇ. 30 ಕಡಿಮೆ ಅಂದರೆ ಉಳಿದ ಶೇ. 70 ಹೊಗೆ ಇದ್ದೇ ಇದೆ. ಸದ್ದೂ ಇದೆ, ಬೆಂಕಿಯೂ ಇದೆ. ಹಸಿರು ಪಟಾಕಿಯಿಂದ ಕೈ ಸುಡುವುದಿಲ್ಲ, ಕಣ್ಣಿಗೆ ಏನೂ ಆಗುವುದಿಲ್ಲ ಅಂತ ಯಾರೂ ನಂಬಬೇಡಿ.

ಸುತ್ತಮುತ್ತ ನಡೆದ ದುರಂತಗಳು

* 2016 ಏಪ್ರಿಲ್ 10, ಕೇರಳದ ಪುಟ್ಟಿಂಗಲ್: ಕೊಲ್ಲಂ ಜಿಲ್ಲೆಯ ದೇವಸ್ಥಾನದಲ್ಲಿ ಸುಡುಮದ್ದಿನ ದಾಸ್ತಾನಿಗೆ ಬೆಂಕಿ ತಗುಲಿ 100ಕ್ಕೂ ಹೆಚ್ಚು ಜನರ ಸಾವು.
* 2023 ಆಗಸ್ಟ್ 29, ಹಾವೇರಿ: ಆಲದಕಟ್ಟಿ ಬಳಿ ಹಬ್ಬದ ಮಾರಾಟಕ್ಕೆ ತಂದಿಟ್ಟಿದ್ದ ಪಟಾಕಿ ಗೋದಾಮಿಗೆ ಬೆಂಕಿ. ಅಲ್ಲಿದ್ದ ಕಾರ್ಮಿಕರು ಜೀವ ಕಳೆದುಕೊಂಡರು.
* 2023 ಅಕ್ಟೋಬರ್ 7, ಅತ್ತಿಬೆಲೆ: ಬೆಂಗಳೂರು ಹೊರವಲಯದ ಪಟಾಕಿ ಮಳಿಗೆಯಲ್ಲಿ ಲಾರಿಯಿಂದ ಸರಕು ಇಳಿಸುವ ವೇಳೆ ಬೆಂಕಿ. ಮೊದಲ ದಿನವೇ 14 ಸಾವು, ಆಮೇಲೆ ಸಂಖ್ಯೆ ಏರಿತು. ಸತ್ತವರಲ್ಲಿ ಹೆಚ್ಚಿನವರು ಸೀಸನ್ ಕೆಲಸಕ್ಕೆ ತಮಿಳುನಾಡಿನಿಂದ ಬಂದಿದ್ದ ಹುಡುಗರು.
* 2024 ಜನವರಿ 28, ಬೆಳ್ತಂಗಡಿ: ನಮ್ಮದೇ ಜಿಲ್ಲೆಯ ಕುಕ್ಕೇಡಿ ಗ್ರಾಮದಲ್ಲಿ ಸುಡುಮದ್ದು ತಯಾರಿಸುವ ಘಟಕ ಸ್ಫೋಟಿಸಿ ಮೂವರು ಕಾರ್ಮಿಕರ ಸಾವು.
* 2024 ಅಕ್ಟೋಬರ್ 28ರ ರಾತ್ರಿ, ನೀಲೇಶ್ವರ: ಕಾಸರಗೋಡು ಜಿಲ್ಲೆಯ ದೈವಸ್ಥಾನವೊಂದರ ತೆಯ್ಯಂ ಉತ್ಸವದಲ್ಲಿ ಪಟಾಕಿ ಇಟ್ಟಿದ್ದ ಶೆಡ್ಡಿಗೆ ಕಿಡಿ ಬಿದ್ದು 150ಕ್ಕೂ ಹೆಚ್ಚು ಜನರಿಗೆ ಗಾಯ, ಬಳಿಕ ಹಲವರ ಸಾವು. ಗಾಯಾಳುಗಳಲ್ಲಿ ಕೆಲವರನ್ನು ಮಂಗಳೂರಿನ ಆಸ್ಪತ್ರೆಗಳಿಗೂ ತರಲಾಗಿತ್ತು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಐದೂ ಕಡೆ ಬೆಂಕಿ ಹೊತ್ತಿದ್ದು ದಾಸ್ತಾನಿಗೆ ಅಥವಾ ತಯಾರಿಕೆಯ ಜಾಗದಲ್ಲಿ. ಹಾವೇರಿ, ಅತ್ತಿಬೆಲೆಯಲ್ಲಿ ಇದ್ದದ್ದು ದೇವಸ್ಥಾನದ ಮದ್ದಲ್ಲ, ನಾವು ನೀವು ಅಂಗಡಿಯಿಂದ ತರುವ ಪಟಾಕಿ. ಎರಡು ಮೂರು ದಿನದ ಹಬ್ಬಕ್ಕೆ ಒಂದೆರಡು ತಿಂಗಳ ಮೊದಲೇ ಟನ್‌ಗಟ್ಟಲೆ ಮಾಲು ಬಂದು ಬೀಳುತ್ತದೆ. ಅದನ್ನು ದಿನಗೂಲಿಗೆ ಇಳಿಸುವವರು, ಜೋಡಿಸುವವರು ಬಡವರ ಮನೆ ಮಕ್ಕಳು. ಹಬ್ಬದ ಸದ್ದು ನಮ್ಮ ಅಂಗಳದಲ್ಲಿ, ಅದರ ದೊಡ್ಡ ಅಪಾಯ ಇವರ ತಲೆ ಮೇಲೆ. ಖಾಸಗಿ ಬಳಕೆ ಬೇಕೋ ಬೇಡವೋ ಅಂತ ಮಾತಾಡುವಾಗ ಈ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ.

ಅತ್ತಿಬೆಲೆ ಘಟನೆ ಬಳಿಕ ರಾಜ್ಯ ಸರ್ಕಾರ ಮೆರವಣಿಗೆ, ರಾಜಕೀಯ ಕಾರ್ಯಕ್ರಮ, ಮದುವೆ, ಗಣೇಶೋತ್ಸವಗಳಲ್ಲಿ ಪಟಾಕಿ ಬೇಡ, ಮಾರುವುದಿದ್ದರೆ ಹಸಿರು ಪಟಾಕಿ ಮಾತ್ರ ಎಂದು ಪ್ರಕಟಿಸಿತು. ಆಮೇಲೆ ನಡೆದ ಮೆರವಣಿಗೆಗಳಲ್ಲಿ ಪಟಾಕಿ ಎಷ್ಟು ಕಡಿಮೆ ಆಗಿದೆ ಅಂತ ಓದುಗರೇ ಹೇಳಬೇಕು.

ಮನೆಯಂಗಳದಲ್ಲಿ ಏನಾಗ್ತದೆ

ದೀಪಾವಳಿ ಬಂದರೆ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪಟಾಕಿ ಗಾಯಾಳುಗಳಿಗೆ ಅಂತಲೇ ತಯಾರಿ ನಡೆಯುತ್ತದೆ. ವೈದ್ಯರು ವರ್ಷ ವರ್ಷವೂ ಹೇಳುವ ಮಾತೆಂದರೆ, ಗಾಯಾಳುಗಳಲ್ಲಿ ಮಕ್ಕಳು ಹೆಚ್ಚು, ಪಟಾಕಿ ಮುಟ್ಟದೆ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು, ದಾರಿಯಲ್ಲಿ ಹೋಗುತ್ತಿದ್ದವರೂ ಬಹಳ. ಹೊಡೆಯುವವರು ಹೇಗೂ ಓಡುತ್ತಾರೆ. ಬೈಕಿನಲ್ಲಿ ಬರುವವರಿಗೆ ಅಲ್ಲಿ ಬತ್ತಿ ಹೊತ್ತಿದ್ದೇ ಗೊತ್ತಿರುವುದಿಲ್ಲ.

ಅಪಾಯ ಇಲ್ಲ ಅಂತ ಚಿಕ್ಕ ಮಕ್ಕಳ ಕೈಗೆ ಕೊಡುವ ನಕ್ಷತ್ರ ಕಡ್ಡಿಯ ತುದಿ 1,000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಇರುತ್ತದೆ. ಉರಿದು ಮುಗಿದ ಕಡ್ಡಿ ಅಂಗಳದಲ್ಲಿ ಬಿದ್ದಿದ್ದರೆ ಬರಿಗಾಲಲ್ಲಿ ಮೆಟ್ಟಿದವರ ಗತಿ ಹೇಳುವುದೇ ಬೇಡ. ಹೂಕುಂಡ "ಠುಸ್" ಆಯ್ತು ಅಂತ ಬಗ್ಗಿ ನೋಡುವ ಹೊತ್ತಿಗೇ ಮುಖಕ್ಕೆ ಸಿಡಿಯುವುದುಂಟು.

ನಮ್ಮ ಹಳ್ಳಿಮನೆಗಳಿಗೆ ಇನ್ನೊಂದು ಸಮಸ್ಯೆ. ಅಂಗಳದ ಬದಿಗೆ ಬೈಹುಲ್ಲು, ಸೋಗೆ, ಒಣ ಮಡಲು, ಹಟ್ಟಿಯಲ್ಲಿ ದನ-ಕರು. ರಾಕೆಟ್ ಎಲ್ಲಿ ಬೀಳ್ತದೆ ಅಂತ ಬಿಟ್ಟವನಿಗೂ ಗೊತ್ತಿಲ್ಲ. ಗೋಪೂಜೆಯ ದಿನ ದನಕ್ಕೆ ಹಾರ ಹಾಕಿ, ಸಂಜೆ ಅದೇ ಹಟ್ಟಿಯ ಪಕ್ಕ ಗರ್ನಾಲು ಹೊಡೆದರೆ ಹಗ್ಗ ಕಿತ್ತುಕೊಂಡು ಓಡದೆ ಅದಾದರೂ ಎಂಥ ಮಾಡಬೇಕು?

"ಪೂರ್ತಿ ನಿಲ್ಲಿಸಿ" ಅನ್ನುವವರ ವಾದ

ಎರಡು ಗಂಟೆ, 125 ಡೆಸಿಬೆಲ್ ಅಂತೆಲ್ಲ ಹೇಳಿದರೂ ಅಳೆಯುವವರು ಯಾರು? ಒಂದು ಠಾಣೆಯಲ್ಲಿ ಇರುವ ಪೊಲೀಸರು ಎಷ್ಟು ಅಂಗಳಕ್ಕೆ ಹೋಗಬಹುದು? ಭಾಗಶಃ ನಿಯಮ ಯಾವತ್ತೂ ಜಾರಿ ಆಗುವುದಿಲ್ಲ, ಪೂರ್ತಿ ನಿಷೇಧವಾದರೆ ಅಂಗಡಿಯಲ್ಲೇ ಮಾಲು ಇರುವುದಿಲ್ಲ ಎನ್ನುವುದು ಇವರ ಮುಖ್ಯ ವಾದ. ಅಸ್ತಮಾ ಇರುವವರು, ಶಿಶುಗಳು, ವೃದ್ಧರು ತಮ್ಮ ಮನೆಯೊಳಗಿದ್ದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಒಬ್ಬರ ಖುಷಿಗೆ ಇನ್ನೊಬ್ಬರು ಯಾಕೆ ಬೆಲೆ ಕೊಡಬೇಕು ಅನ್ನುವ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ.

ಹೊರದೇಶಗಳಲ್ಲಿ ಇಂಥ ನಿಯಮ ಹೊಸತೇನಲ್ಲ. ಆಸ್ಟ್ರೇಲಿಯಾದ ಹೆಚ್ಚಿನ ಕಡೆ ಪರವಾನಿಗೆ ಇಲ್ಲದ ಸಾಮಾನ್ಯ ಜನ ಪಟಾಕಿ ಹೊಡೆಯುವಂತಿಲ್ಲ, ಸಾರ್ವಜನಿಕ ಪ್ರದರ್ಶನ ನೋಡಬೇಕು ಅಷ್ಟೇ. ಹೊಸ ವರ್ಷಕ್ಕೆ ಬೀದಿ ಬೀದಿಯಲ್ಲಿ ಪಟಾಕಿ ಹೊಡೆಯುವ ನೆದರ್‌ಲ್ಯಾಂಡ್ಸ್‌ನಲ್ಲೂ ಜನಸಾಮಾನ್ಯರ ಬಳಕೆ ನಿಷೇಧಿಸುವ ಮಸೂದೆಗೆ 2025ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ.

"ನಿಷೇಧ ಬೇಡ" ಅನ್ನುವವರ ವಾದ

ಹಬ್ಬ ಅಂದ್ರೆ ಬರೀ ಪೂಜೆ ಅಲ್ಲ. ಗೂಡುದೀಪ ಹಚ್ಚಿ, ಬಲೀಂದ್ರನನ್ನು ಕರೆದು, ಮಕ್ಕಳ ಕೈಗೆ ಒಂದು ಹೂಕುಂಡ ಕೊಡುವುದು ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಬಂದದ್ದು. ವರ್ಷವಿಡೀ ಹೊಗೆ ಬಿಡುವ ವಾಹನ, ಕಾರ್ಖಾನೆ ಬಿಟ್ಟು ಎರಡು ದಿನದ ಪಟಾಕಿಗೆ ಮಾತ್ರ ಕೋಲು ಹಿಡಿಯುವುದು ಯಾಕೆ ಎನ್ನುವ ಪ್ರಶ್ನೆಯೂ ನ್ಯಾಯವೇ. ದೇಶದ ಬಹುಪಾಲು ಪಟಾಕಿ ತಯಾರಾಗುವ ಶಿವಕಾಶಿಯಲ್ಲಿ ಲಕ್ಷಾಂತರ ಜನರ ಅನ್ನ ಇದರ ಮೇಲೆ ನಿಂತಿದೆ. ಇಲ್ಲೂ ಹಬ್ಬದ ವಾರದಲ್ಲಿ ಸ್ಟಾಲ್ ಹಾಕಿ ನಾಲ್ಕು ಕಾಸು ನೋಡುವ ಯುವಕರಿದ್ದಾರೆ.

ಸುಳ್ಯ, ಕಡಬ ಕಡೆಯ ಕೃಷಿಕರನ್ನು ಕೇಳಿದರೆ ಬೇರೆಯೇ ಉತ್ತರ. ತೋಟಕ್ಕೆ ಆನೆ ನುಗ್ಗಿದರೆ ಮೊದಲು ನೆನಪಾಗುವುದು ಪಟಾಕಿ. ಅರಣ್ಯ ಇಲಾಖೆಯವರೂ ಬಂದು ಅದನ್ನೇ ಹೊಡೆಯುತ್ತಾರೆ. ರಾತ್ರಿ 10ರ ನಂತರ ಸದ್ದು ಮಾಡಬಾರದು ಅಂದರೆ ಆನೆ ಕೇಳ್ತದಾ? ಬೆಳೆ ರಕ್ಷಣೆಯ ಬಳಕೆಯನ್ನು ಹಬ್ಬದ ಬಳಕೆಯ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಬಾರದು. ಹಂದಿಗೆ ಅಂತ ಆಹಾರದಲ್ಲಿ ಸ್ಫೋಟಕ ಇಡುವುದು ಮಾತ್ರ ಶುದ್ಧ ಅಪರಾಧ. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗಬ್ಬದ ಆನೆ ಬಾಯಿ ಸಿಡಿದು ಸತ್ತದ್ದು ಇಂಥದ್ದರಿಂದಲೇ.

ದಿಲ್ಲಿಯಲ್ಲಿ ಏನಾಯ್ತು

ಪೂರ್ತಿ ನಿಷೇಧ ಹೇಗೆ ನಡೆಯುತ್ತದೆ ಅಂತ ತಿಳಿಯಲು ದಿಲ್ಲಿ ನೋಡಿದರೆ ಸಾಕು. 2024ರ ಡಿಸೆಂಬರ್‌ನಲ್ಲಿ ಅಲ್ಲಿ ವರ್ಷಪೂರ್ತಿ ನಿಷೇಧ ಬಂತು. ಆದರೂ ಅಕ್ಕಪಕ್ಕದ ರಾಜ್ಯಗಳಿಂದ ಕಳ್ಳದಾರಿಯಲ್ಲಿ ಮಾಲು ಬರುವುದು ನಿಲ್ಲಲಿಲ್ಲ. ಕೊನೆಗೆ 2025ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟ್ ದೀಪಾವಳಿಗೆ ಮಾತ್ರ, ಗೊತ್ತುಪಡಿಸಿದ ಸಮಯದಲ್ಲಿ ಹಸಿರು ಪಟಾಕಿಗೆ ಅವಕಾಶ ಕೊಟ್ಟಿತು. 2021ರಲ್ಲೂ ಇದೇ ಕೋರ್ಟ್ ಪಟಾಕಿಗೆ ಸಂಪೂರ್ಣ ನಿಷೇಧ ಇಲ್ಲ, ಆದರೆ ನಿಷೇಧಿತ ರಾಸಾಯನಿಕದ ಪಟಾಕಿಗೆ ರಿಯಾಯಿತಿ ಇಲ್ಲ ಎಂದು ಸ್ಪಷ್ಟಪಡಿಸಿತ್ತು.

ನಮ್ಮದು ಗಡಿ ಜಿಲ್ಲೆ. ತಲಪಾಡಿ ದಾಟಿದರೆ ಕೇರಳ. ಇಲ್ಲಿ ಮಾತ್ರ ನಿಷೇಧ ಅಂದರೆ ಕಾರಿನ ಡಿಕ್ಕಿಯಲ್ಲಿ ಮಾಲು ಬರುತ್ತದೆ, ಮನೆಯ ಅಟ್ಟದಲ್ಲಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಅಡಗುತ್ತದೆ. ಜೀವ ತೆಗೆಯುವುದು ದಾಸ್ತಾನು ಅಂತ ಮೇಲೆ ನೋಡಿದೆವಲ್ಲ, ಕದ್ದಿಟ್ಟ ದಾಸ್ತಾನು ಇನ್ನೂ ಅಪಾಯ.

ಹಾಗಾದ್ರೆ ನಮ್ಮಲ್ಲಿ ಏನು ಮಾಡಬಹುದು?

ನಮ್ಮ ಅಭಿಪ್ರಾಯದಲ್ಲಿ ಗೆರೆ ಎಳೆಯಬೇಕಾದ್ದು ಹೀಗೆ. ನಕ್ಷತ್ರ ಕಡ್ಡಿ, ನೆಲಚಕ್ರ, ಹೂಕುಂಡದಂಥ ಬೆಳಕಿನ ಪಟಾಕಿ ದೊಡ್ಡವರು ಜೊತೆಗಿದ್ದು ಅಂಗಳದಲ್ಲೇ ಇರಲಿ. ಸದ್ದಿನದ್ದು ಮತ್ತು ಮೇಲೆ ಹಾರುವುದು ಅಂಗಳದಿಂದ ಆಚೆ ಹೋಗಲಿ.

1. ವಾರ್ಡಿಗೊಂದು, ಗ್ರಾಮಕ್ಕೊಂದು ಜಾಗ: ಶಾಲೆ, ಆಸ್ಪತ್ರೆ ಹತ್ತಿರ ಇಲ್ಲದ ಮೈದಾನ ಅಥವಾ ಕೊಯ್ಲಾದ ಗದ್ದೆಯನ್ನು ಪಂಚಾಯತ್ ಮೊದಲೇ ಗುರುತಿಸಿ, ಅಲ್ಲೇ ನಿಗದಿತ ಸಮಯದಲ್ಲಿ ಹೊಡೆಯಲಿ. 2018ರ ತೀರ್ಪೇ ಸಾಮೂಹಿಕವಾಗಿ ಒಂದೆಡೆ ಪಟಾಕಿ ಹೊಡೆಯುವುದನ್ನು ಪ್ರೋತ್ಸಾಹಿಸಿ, ಜಾಗ ಮೊದಲೇ ಗುರುತಿಸಿ ಅಂತ ಹೇಳಿದೆ. ಊರಿನ ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್‌ಗಳಿಗೆ ಜವಾಬ್ದಾರಿ ಕೊಟ್ಟರೆ ಮಾಡಲಾರದ ಕೆಲಸ ಅಲ್ಲ. ನೀರಿನ ಟ್ಯಾಂಕರ್ ಒಂದು ನಿಂತಿದ್ದರೆ ಇನ್ನೂ ಧೈರ್ಯ.

2. ಅಂಗಳಕ್ಕಿಂತ ಮೊದಲು ಅಂಗಡಿ: ಮನೆ ಮನೆಗೆ ಪೊಲೀಸ್ ಕಳಿಸಲು ಆಗುವುದಿಲ್ಲ, ಆದರೆ ಪರವಾನಿಗೆ ಇರುವ ಮಳಿಗೆಗಳನ್ನು ಎಣಿಸಬಹುದು. ಹಬ್ಬದ ತಾತ್ಕಾಲಿಕ ಮಳಿಗೆಗೆ ಜಿಲ್ಲಾಧಿಕಾರಿ, ಮಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್ ಅನುಮತಿ ಬೇಕು. 2008ರ ಸ್ಫೋಟಕ ನಿಯಮಗಳ ಪ್ರಕಾರ ಮಳಿಗೆ ಬೆಂಕಿ ಹಿಡಿಯದ ಸಾಮಗ್ರಿಯದ್ದಾಗಿರಬೇಕು, ಒಂದರಿಂದ ಒಂದಕ್ಕೆ ಕನಿಷ್ಠ 3 ಮೀಟರ್ ಅಂತರ ಇರಬೇಕು, ಒಂದಕ್ಕೊಂದು ಎದುರು-ಬದುರು ಇರಬಾರದು. ಮಾಲೆ ಪಟಾಕಿ ಅಂಗಡಿಯಲ್ಲೇ ಸಿಗದಿದ್ದರೆ ರಸ್ತೆಯಲ್ಲಿ ಸಿಡಿಯುವುದೂ ಇಲ್ಲ.

3. ದಾಸ್ತಾನಿನ ಲೆಕ್ಕ: ಗೋದಾಮು ಎಲ್ಲಿದೆ, ಎಷ್ಟು ಮಾಲಿಗೆ ಪರವಾನಿಗೆ, ಕೊನೆಗೆ ತಪಾಸಣೆ ಆದದ್ದು ಯಾವಾಗ ಎಂಬ ಪಟ್ಟಿಯನ್ನು ಚೌತಿಗೆ ಮೊದಲೇ ಪಂಚಾಯತ್ ಬೋರ್ಡಿನಲ್ಲಿ ಹಾಕಲಿ. ಪಕ್ಕದ ಮನೆಯವರಿಗೆ ಗೊತ್ತಿರಬೇಕಾದ ವಿಷಯ ಇದು. ಹಬ್ಬ ಮುಗಿದ ಮೇಲೆ ಉಳಿದ ಮಾಲು ಎಲ್ಲಿ ಹೋಯ್ತು ಅಂತಲೂ ಕೇಳಲಿ.

4. ಮೆರವಣಿಗೆ, ದಿಬ್ಬಣ, ವಿಜಯೋತ್ಸವ: ಇಲ್ಲಿ ವಿನಾಯಿತಿ ಬೇಡ. ರಸ್ತೆ ಎಲ್ಲರದ್ದು. ಸಂಘಟಕರ ಹೆಸರು ಅನುಮತಿ ಪತ್ರದಲ್ಲಿ ಇದ್ದೇ ಇರುತ್ತದೆ, ಕೇಸು ಹಾಕುವುದಾದರೆ ಯಾರ ಮೇಲೆ ಅಂತ ಹುಡುಕಬೇಕಾಗಿಲ್ಲ.

5. ದೇವಸ್ಥಾನದ ಬೆಡಿ: ಪರವಾನಿಗೆ ಇದ್ದವರು, ಜನರಿಂದ ದೂರ, ದಾಸ್ತಾನು ಇನ್ನೂ ದೂರ. ಪುಟ್ಟಿಂಗಲ್, ನೀಲೇಶ್ವರ ಎರಡೂ ಕಲಿಸಿದ್ದು ಇಷ್ಟೇ.

ಈ ಹಬ್ಬಕ್ಕೆ ನೆನಪಿಡಿ

*ಕೊಳ್ಳುವಾಗ:* ಪರವಾನಿಗೆ ಅಂಗಡಿಯಿಂದಲೇ ತನ್ನಿ. ಕ್ಯೂಆರ್ ಕೋಡ್ ನೋಡಿ. ಹಬ್ಬಕ್ಕೆ ಎಷ್ಟು ಬೇಕೋ ಅಷ್ಟೇ ಸಾಕು, ಉಳಿಸಿ ಅಟ್ಟಕ್ಕೆ ಹಾಕಬೇಡಿ.

*ಹೊಡೆಯುವಾಗ:* ಹತ್ತಿ ಬಟ್ಟೆ, ಕಾಲಿಗೆ ಚಪ್ಪಲಿ, ಪಕ್ಕದಲ್ಲಿ ಎರಡು ಬಕೆಟ್ ನೀರು. ಉರಿದ ಕಡ್ಡಿಯನ್ನು ನೀರಿಗೆ ಹಾಕಿ. ಹೊತ್ತದ ಪಟಾಕಿಗೆ ಎರಡನೇ ಸಲ ಬೆಂಕಿ ಇಡಬೇಡಿ, ಸ್ವಲ್ಪ ಹೊತ್ತು ಬಿಟ್ಟು ದೂರದಿಂದ ನೀರು ಹೊಯ್ಯಿರಿ. ತೆಂಗಿನ ಚಿಪ್ಪು, ಡಬ್ಬಿ, ಬಾಟಲಿ ಒಳಗಿಟ್ಟು ಸಿಡಿಸುವ ಆಟ ಬೇಡವೇ ಬೇಡ, ಅದರ ಚೂರೇ ಕಣ್ಣಿಗೆ ಬರುವುದು.

*ಸುಟ್ಟರೆ:* ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ತೆಂಗಿನೆಣ್ಣೆ, ಐಸ್ ಏನೂ ಹಾಕಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ.

*ಕಣ್ಣಿಗೆ ತಾಗಿದರೆ:* ಉಜ್ಜಬೇಡಿ, ಒತ್ತಬೇಡಿ. ಬರೀ ಪುಡಿ ಬಿದ್ದಿದ್ದರೆ ಶುದ್ಧ ನೀರಿನಿಂದ ಮೆಲ್ಲ ತೊಳೆಯಿರಿ. ಚುಚ್ಚಿದ್ದರೆ ಅಥವಾ ರಕ್ತ ಬರುತ್ತಿದ್ದರೆ ತೊಳೆಯಲೂ ಬೇಡಿ, ಚೂರು ಎಳೆಯಲೂ ಬೇಡಿ. ಕಣ್ಣಿಗೆ ಒತ್ತದಂತೆ ಪೇಪರ್ ಕಪ್ ಮುಚ್ಚಿ ಕೂಡಲೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾಳೆ ನೋಡೋಣ ಅಂತ ಕಾದು ದೃಷ್ಟಿ ಕಳೆದುಕೊಂಡವರಿದ್ದಾರೆ.

*ಸಹಾಯ, ದೂರು:* ಪೊಲೀಸ್ 112, ಅಗ್ನಿಶಾಮಕ 101, ಆಂಬುಲೆನ್ಸ್ 108. ಪರವಾನಿಗೆ ಇಲ್ಲದೆ ಪಟಾಕಿ ದಾಸ್ತಾನು ಮಾಡಿದ್ದು ಗೊತ್ತಾದರೆ ಹಬ್ಬದವರೆಗೆ ಕಾಯದೆ ಇವತ್ತೇ 112ಕ್ಕೆ ತಿಳಿಸಿ.

ಪಕ್ಕದ ಮನೆಯ ಸದ್ದಿಗೆ ಮೊದಲೇ ಪೊಲೀಸಿಗೆ ಫೋನ್ ಮಾಡುವ ಅಗತ್ಯ ಇಲ್ಲ. ಹಬ್ಬಕ್ಕೆ ಎರಡು ದಿನ ಮೊದಲು ಹೋಗಿ "ನಮ್ಮಲ್ಲಿ ಮಗು ಉಂಟು, 8ರಿಂದ 10ರ ಒಳಗೆ ಮುಗಿಸಿಬಿಡಿ, ದೊಡ್ಡದನ್ನು ಗದ್ದೆಯಲ್ಲಿ ಹೊಡೀರಿ" ಅಂತ ಹೇಳಿದರೆ ಕೇಳುವವರೇ ಜಾಸ್ತಿ. ಕೇಳದವರಿಗೆ ಕಾನೂನು ಇದ್ದೇ ಇದೆ.

ನಿಮ್ಮ ವಾರ್ಡ್ ಅಥವಾ ಗ್ರಾಮದಲ್ಲಿ ಪಟಾಕಿಗೆ ಅಂತ ಜಾಗ ಗುರುತಿಸಿದ್ದಾರಾ? ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಒಂದು ಅರ್ಜಿ ಕೊಡಿ. ಹಬ್ಬ ಬಂದ ಮೇಲೆ ಕೇಳಿದರೆ ತಡವಾಗ್ತದೆ.